ಒಲಿವಿಯಾ ರೊಡ್ರಿಗೊ: ಡಿಸ್ನಿಯ ಬಾಲನಟಿ ತನ್ನ ಹಾಡುಗಳ ಒಡತಿಯಾದದ್ದು ಹೇಗೆ?

ಒಲಿವಿಯಾ ರೊಡ್ರಿಗೊ ಅಮೆರಿಕದ ನಟಿ, ಗಾಯಕಿ ಮತ್ತು ಗೀತೆ ರಚನೆಕಾರ್ತಿ. ಹುಟ್ಟಿದ್ದು 2003ರ ಫೆಬ್ರವರಿ 20ರಂದು, ಕ್ಯಾಲಿಫೋರ್ನಿಯಾ ರಾಜ್ಯದ ಮುರಿಯೆಟಾದಲ್ಲಿ. ಬೆಳೆದದ್ದು ಅಲ್ಲೇ ಹತ್ತಿರದ ಟೆಮೆಕ್ಯುಲಾ ಎಂಬ ಊರಿನಲ್ಲಿ. ತಾಯಿ ಶಾಲಾ ಶಿಕ್ಷಕಿ, ಜರ್ಮನ್ ಮತ್ತು ಐರಿಷ್ ಮೂಲದವರು. ತಂದೆಯ ಮನೆತನ ಫಿಲಿಪ್ಪೀನ್ಸ್‌ನದ್ದು. ಮುತ್ತಜ್ಜ ಹದಿಹರೆಯದಲ್ಲೇ ಅಮೆರಿಕಕ್ಕೆ ವಲಸೆ ಬಂದವರು.

2021ರ ಜನವರಿಯಲ್ಲಿ ಬಂದ 'ಡ್ರೈವರ್ಸ್ ಲೈಸೆನ್ಸ್' ಎಂಬ ಒಂದು ಹಾಡು ಒಲಿವಿಯಾರನ್ನು ಜಗತ್ತಿಗೇ ಪರಿಚಯಿಸಿತು. ಹಾಗಂತ ಅದು ರಾತ್ರಿ ಬೆಳಗಾಗುವುದರೊಳಗೆ ಸಿಕ್ಕಿದ ಹೆಸರಲ್ಲ. ಅದರ ಹಿಂದೆ ಆರೇಳು ವರ್ಷ ಕ್ಯಾಮೆರಾ ಮುಂದೆ ದುಡಿದ ಅನುಭವ ಇದೆ. ಜೊತೆಗೆ, ಹಾಡು ಹಿಟ್ ಆಗುವ ಮೊದಲೇ ಹಾಡಿನ ಹಕ್ಕು ಯಾರದ್ದು ಅಂತ ಕೇಳಿ ಮಾಡಿಕೊಂಡ ಒಂದು ಒಪ್ಪಂದವೂ ಇದೆ. ಈ ಎರಡನೆಯ ವಿಷಯ ಹೆಚ್ಚಿನ ಅಭಿಮಾನಿಗಳಿಗೆ ಗೊತ್ತಿಲ್ಲ.

ಪಾತ್ರಕ್ಕಾಗಿ ಕಲಿತ ಗಿಟಾರ್

ಸಣ್ಣ ಪ್ರಾಯದಲ್ಲೇ ಸಂಗೀತ ಮತ್ತು ಪಿಯಾನೊ ಪಾಠ ಶುರುವಾಗಿತ್ತು. ಶಾಲೆಯ ನಾಟಕಗಳಲ್ಲಿ ಅಭಿನಯ, ಆಮೇಲೆ ಜಾಹೀರಾತು. 2015ರಲ್ಲಿ 'ಅಮೆರಿಕನ್ ಗರ್ಲ್' ಗೊಂಬೆಗಳ ಕಥಾಸರಣಿಯ ಒಂದು ಸಿನೆಮಾದಲ್ಲಿ ಗ್ರೇಸ್ ಎಂಬ ಹುಡುಗಿಯ ಮುಖ್ಯ ಪಾತ್ರ ಸಿಕ್ಕಿತು. ಮರುವರ್ಷ ಡಿಸ್ನಿ ಚಾನೆಲ್‌ನ 'ಬಿಝಾರ್ಡ್‌ವಾರ್ಕ್' ಧಾರಾವಾಹಿ. ಇಂಟರ್ನೆಟ್‌ಗಾಗಿ ತಮಾಷೆಯ ಹಾಡು, ವೀಡಿಯೊ ಮಾಡುವ ಇಬ್ಬರು ಗೆಳತಿಯರ ಕಥೆ ಅದು. ಅದರಲ್ಲಿ ಪೇಜ್ ಎಂಬ ಪಾತ್ರಕ್ಕೆ ಗಿಟಾರ್ ನುಡಿಸಬೇಕಿತ್ತು, ಹಾಗಾಗಿ ಒಲಿವಿಯಾ ಗಿಟಾರ್ ಕಲಿತರು. ಧಾರಾವಾಹಿ 2019ರವರೆಗೆ ಮೂರು ಸೀಸನ್ ನಡೆಯಿತು. ಅದರ ಕಥೆ ಇವತ್ತು ಎಷ್ಟು ಮಂದಿಗೆ ನೆನಪಿದೆಯೋ ಏನೋ. ಗಿಟಾರ್ ಮಾತ್ರ ಕೈಯಲ್ಲಿ ಉಳಿಯಿತು.

2019ರ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್ ಆರಂಭವಾದಾಗ ಅದರ ಜೊತೆಗೇ ಬಂದ ಧಾರಾವಾಹಿ 'ಹೈಸ್ಕೂಲ್ ಮ್ಯೂಸಿಕಲ್: ದಿ ಮ್ಯೂಸಿಕಲ್: ದಿ ಸೀರೀಸ್'. ಒಲಿವಿಯಾ ಇದರಲ್ಲಿ ನೀನಿ ಎಂಬ ವಿದ್ಯಾರ್ಥಿನಿ. ಇದಕ್ಕಾಗಿ ಅವರೇ ಬರೆದ 'ಆಲ್ ಐ ವಾಂಟ್' ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಬುಡದಲ್ಲಿ, 90ನೇ ಸ್ಥಾನಕ್ಕೆ ಬಂತು. ದೊಡ್ಡ ಸ್ಥಾನವೇನಲ್ಲ. ಆದರೆ ಬೇರೆಯವರು ಬರೆದ ಸಂಭಾಷಣೆ ಹೇಳುತ್ತಿದ್ದ ಹುಡುಗಿ ತನ್ನದೇ ಪದ, ತನ್ನದೇ ರಾಗದಿಂದ ಅಲ್ಲಿಗೆ ತಲುಪಿದ್ದು ಅದೇ ಮೊದಲು.

ಡಿಸ್ನಿಯ ಲೇಬಲ್ ಬಿಟ್ಟು ಹೊರಗೆ

ಇಲ್ಲಿ ಒಂದು ಹಳೆಯ ದಾರಿಯ ಬಗ್ಗೆ ಹೇಳಬೇಕು. ಡಿಸ್ನಿ ಚಾನೆಲ್‌ನಲ್ಲಿ ಹೆಸರು ಮಾಡಿದ ಮಕ್ಕಳು ಡಿಸ್ನಿಯದ್ದೇ ಆದ ಹಾಲಿವುಡ್ ರೆಕಾರ್ಡ್ಸ್‌ನಲ್ಲಿ ಆಲ್ಬಮ್ ಮಾಡುವುದು ಹಿಂದಿನಿಂದ ನಡೆದು ಬಂದ ಕ್ರಮ. ಮೈಲಿ ಸೈರಸ್, ಸೆಲೀನಾ ಗೋಮೆಝ್, ಡೆಮಿ ಲೊವಾಟೊ ಎಲ್ಲರೂ ಹಾಗೆಯೇ ಬಂದವರು. ಒಲಿವಿಯಾ ಆ ಕಡೆ ಹೋಗಲಿಲ್ಲ. 2020ರಲ್ಲಿ ಇಂಟರ್‌ಸ್ಕೋಪ್ ಮತ್ತು ಗೆಫೆನ್ ರೆಕಾರ್ಡ್ಸ್ ಜೊತೆ ಸಹಿ ಹಾಕಿದರು. ಆಗ ಅವರ ವಯಸ್ಸು 17. ತಾನು ದೊಡ್ಡ ಸ್ಟಾರ್ ಆಗಬಹುದು ಎಂದು ಹೇಳಿದವರಿಗಿಂತ ತನ್ನ ಬರವಣಿಗೆಯನ್ನು ಮೆಚ್ಚಿದವರನ್ನು ಆರಿಸಿಕೊಂಡೆ ಎಂಬರ್ಥದಲ್ಲಿ ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ.

ಒಪ್ಪಂದದ ಮುಖ್ಯ ಅಂಶ ಮಾಸ್ಟರ್‌ಗಳ ಒಡೆತನ. ಇದು ಅರ್ಥವಾಗಬೇಕಾದರೆ ಒಂದು ಹಾಡಿನಲ್ಲಿ ಎರಡು ಆಸ್ತಿ ಇದೆ ಎಂಬುದು ಗೊತ್ತಿರಬೇಕು. ಒಂದು, ಸಾಹಿತ್ಯ ಮತ್ತು ರಾಗ. ಅದು ಬರೆದವರದ್ದು, ಎಷ್ಟು ಮಂದಿ ಸೇರಿ ಬರೆದರೋ ಅಷ್ಟು ಮಂದಿಗೆ ಪಾಲು. ಇನ್ನೊಂದು, ಸ್ಟುಡಿಯೋದಲ್ಲಿ ಹಾಡಿ ಮುದ್ರಿಸಿದ ಮೂಲ ಧ್ವನಿಮುದ್ರಣ. ಅದನ್ನೇ ಮಾಸ್ಟರ್ ಅನ್ನುವುದು. ಮುದ್ರಣದ ಖರ್ಚು ಕಂಪೆನಿ ಹಾಕುವುದರಿಂದ ಮಾಸ್ಟರ್ ಹೆಚ್ಚಾಗಿ ಕಂಪೆನಿಯ ಕೈಯಲ್ಲೇ ಇರುತ್ತದೆ. ಹಾಡನ್ನು ಸಿನೆಮಾಕ್ಕೋ ಜಾಹೀರಾತಿಗೋ ಕೊಡುವಾಗ ಮಾಸ್ಟರ್ ಇದ್ದವರ ಮಾತು ನಡೆಯುತ್ತದೆ. ಅವರು ಅದನ್ನು ಬೇರೆಯವರಿಗೆ ಮಾರಲೂಬಹುದು.

2019ರಲ್ಲಿ ಟೇಲರ್ ಸ್ವಿಫ್ಟ್‌ಗೆ ಆದದ್ದು ಇದೇ. ಅವರ ಮೊದಲ ಆರು ಆಲ್ಬಮ್‌ಗಳ ಮಾಸ್ಟರ್ ಹಳೆಯ ಕಂಪೆನಿಯ ಜೊತೆಗೇ ಬೇರೆಯವರ ಪಾಲಾಯಿತು. ಸ್ವಿಫ್ಟ್ ಅವುಗಳಲ್ಲಿ ನಾಲ್ಕನ್ನು ಮತ್ತೆ ಹೊಸದಾಗಿ ಹಾಡಿ ಬಿಡುಗಡೆ ಮಾಡಿದರು. ಕೊನೆಗೆ ಹಳೆಯ ಮಾಸ್ಟರ್‌ಗಳನ್ನು 2025ರ ಮೇ ತಿಂಗಳಲ್ಲಿ ತಾನೇ ಖರೀದಿಸಿದರು. ಚಿಕ್ಕಂದಿನಿಂದ ಸ್ವಿಫ್ಟ್ ಅಭಿಮಾನಿಯಾದ ಒಲಿವಿಯಾ ಆ ಜಗಳವನ್ನು ನೋಡಿಯೇ ಮಾಸ್ಟರ್ ತನ್ನ ಹೆಸರಲ್ಲಿರಬೇಕು ಎಂದು ಪಟ್ಟು ಹಿಡಿದರು.

ಹಾಡು ಹೊರಬಂದಾಗ

2020ರ ಲಾಕ್‌ಡೌನ್ ಕಾಲದಲ್ಲಿ ನಿರ್ಮಾಪಕ ಡ್ಯಾನ್ ನೈಗ್ರೊ, ಒಲಿವಿಯಾ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದ ಹಾಡೊಂದನ್ನು ಕೇಳಿ ಸಂಪರ್ಕಿಸಿದರು. ಇಬ್ಬರೂ ಸೇರಿ ಮಾಡಿದ 'ಡ್ರೈವರ್ಸ್ ಲೈಸೆನ್ಸ್' 2021ರ ಜನವರಿ 8ರಂದು ಬಿಡುಗಡೆಯಾಯಿತು. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗಿ, ಬಿಟ್ಟುಹೋದವನ ನೆನಪಿನಲ್ಲಿ ಒಬ್ಬಳೇ ಕಾರು ಓಡಿಸುತ್ತಾ ಅಳುವ ಹಾಡು. ವಿಷಯ ಇಷ್ಟೇ. ಅದೇ ವಾರ ಅದು ಸ್ಪಾಟಿಫೈನಲ್ಲಿ, ಹಬ್ಬದ ಹಾಡುಗಳನ್ನು ಬಿಟ್ಟರೆ, ಒಂದೇ ದಿನದಲ್ಲಿ ಅತಿ ಹೆಚ್ಚು ಸಲ ಕೇಳಿದ ಹಾಡಿನ ದಾಖಲೆ ಮುರಿಯಿತು. ಹಾಟ್ 100 ಪಟ್ಟಿಗೆ ನೇರ ಮೊದಲ ಸ್ಥಾನಕ್ಕೇ ಬಂದು ಎಂಟು ವಾರ ಅಲ್ಲಿಂದ ಕದಲಲಿಲ್ಲ.

ಮೇ 21ರಂದು ಚೊಚ್ಚಲ ಆಲ್ಬಮ್ 'ಸವರ್' ಬಂತು. ಹೆಸರಿನ ಅರ್ಥ 'ಹುಳಿ'. ಹಾಡು ಹನ್ನೊಂದು. ಅಮೆರಿಕದಲ್ಲಿ ಮೊದಲ ವಾರದ ಲೆಕ್ಕ 2,95,000 ಪ್ರತಿಗಳಿಗೆ ಸಮ. ಜುಲೈಯಲ್ಲಿ ಶ್ವೇತಭವನದಿಂದ ಕರೆ ಬಂತು, ಯುವಜನರು ಕೋವಿಡ್ ಲಸಿಕೆ ಹಾಕಿಸಿಕೊಳ್ಳುವಂತೆ ಹೇಳಿಸಲು. ಟೈಮ್ ಪತ್ರಿಕೆ ಆ ವರ್ಷದ ಮನರಂಜನಾ ವ್ಯಕ್ತಿಯಾಗಿ ಅವರನ್ನೇ ಆರಿಸಿತು. 2022ರ ಗ್ರ್ಯಾಮಿಯಲ್ಲಿ ಏಳು ನಾಮನಿರ್ದೇಶನ, ಮೂರು ಪ್ರಶಸ್ತಿ. ಅದರಲ್ಲಿ ಅತ್ಯುತ್ತಮ ಹೊಸ ಕಲಾವಿದೆ ಪ್ರಶಸ್ತಿಯೂ ಒಂದು. ಪತ್ರಕರ್ತರಿಗೆ ಫೋಟೊ ಕೊಡುವಾಗ ಒಂದು ಟ್ರೋಫಿ ಕೈಜಾರಿ ಬಿದ್ದು ಮುರಿದದ್ದೂ ಸುದ್ದಿಯಾಯಿತು!

ಈ ರಾಗ ಯಾರದ್ದು?

ಹೆಸರು ಬಂದ ಮೇಲೆ ತಕರಾರೂ ಬಂತು. 'ಗುಡ್ ಫಾರ್ ಯೂ' ಹಾಡು ಪ್ಯಾರಾಮೋರ್ ಬ್ಯಾಂಡಿನ 2007ರ 'ಮಿಸರಿ ಬಿಸಿನೆಸ್' ತರಹವೇ ಇದೆ ಎಂದು ಕೇಳುಗರು ಎರಡನ್ನೂ ಜೋಡಿಸಿ ವೀಡಿಯೊ ಮಾಡಿದರು. ಆಗಸ್ಟ್‌ನಲ್ಲಿ ಆ ಬ್ಯಾಂಡಿನ ಹೇಲಿ ವಿಲಿಯಮ್ಸ್ ಮತ್ತು ಜೋಶ್ ಫಾರೊ ಹೆಸರು ರಚನೆಕಾರರ ಪಟ್ಟಿಗೆ ಸೇರಿತು. ಅದಕ್ಕೂ ಮೊದಲು 'ದೇಜಾ ವೂ' ಹಾಡಿಗೆ ಸ್ವಿಫ್ಟ್, ಜ್ಯಾಕ್ ಆಂಟೊನಾಫ್ ಮತ್ತು ಸೇಂಟ್ ವಿನ್ಸೆಂಟ್ ಹೆಸರು ಸೇರಿಸಲಾಗಿತ್ತು. ಹೆಸರು ಸೇರಿತು ಅಂದರೆ ಬರವಣಿಗೆಯ ಆದಾಯದಲ್ಲಿ ಪಾಲು ಹೋಯಿತು ಅಂತಲೇ ಅರ್ಥ. ಮಾಸ್ಟರ್ ಮಾತ್ರ ಬೇರೆ ಆಸ್ತಿ, ಅದಕ್ಕೆ ಇದು ತಾಗುವುದಿಲ್ಲ.

ಎಲ್ಲರೂ ಪಾಲು ತೆಗೆದುಕೊಂಡವರಲ್ಲ. 'ಬ್ರೂಟಲ್' ಹಾಡಿನ ಗಿಟಾರ್ ತನ್ನ 'ಪಂಪ್ ಇಟ್ ಅಪ್' ಹಾಡಿನಂತಿದೆ ಎಂಬ ಮಾತು ಬಂದಾಗ ಬ್ರಿಟಿಷ್ ಗಾಯಕ ಎಲ್ವಿಸ್ ಕಾಸ್ಟೆಲೊ, ತನಗೇನೂ ಬೇಸರ ಇಲ್ಲ, ರಾಕ್ ಸಂಗೀತ ನಡೆಯುವುದೇ ಹೀಗೆ ಎಂದುಬಿಟ್ಟರು. ತಾನೂ ಹಿಂದಿನವರಿಂದ ಎತ್ತಿಕೊಂಡವನೇ ಎಂದೂ ಒಪ್ಪಿಕೊಂಡರು.

ಹಾಗಾದರೆ ಕಂಪೆನಿಗಳು ಇಷ್ಟು ಹೆದರುವುದು ಯಾಕೆ? 2015ರಲ್ಲಿ 'ಬ್ಲರ್ಡ್ ಲೈನ್ಸ್' ಹಾಡಿನ ವಿರುದ್ಧ ಗಾಯಕ ಮಾರ್ವಿನ್ ಗೇ ಕುಟುಂಬ ಅಮೆರಿಕದ ಕೋರ್ಟಿನಲ್ಲಿ ಗೆದ್ದಿತ್ತು. ಕೊನೆಗೆ ಕೊಡಬೇಕಾದ ಮೊತ್ತ ಸುಮಾರು 50 ಲಕ್ಷ ಡಾಲರ್. ಸಾಲು ಸಾಲಾಗಿ ರಾಗ ಕದ್ದದ್ದಲ್ಲ, ಹಾಡಿನ ಒಟ್ಟು ಧಾಟಿ ಹೋಲುತ್ತದೆ ಎಂಬುದರ ಮೇಲೆಯೇ ಆ ವಾದ ನಿಂತಿತ್ತು ಎಂದು ಅನೇಕ ಸಂಗೀತಗಾರರು ಆಕ್ಷೇಪಿಸಿದ್ದರು. ಅಲ್ಲಿಂದೀಚೆಗೆ ಕೋರ್ಟಿಗೆ ಹೋಗುವುದಕ್ಕಿಂತ ಮೊದಲೇ ಹೆಸರು ಸೇರಿಸುವುದು ಲೇಸು ಎಂಬ ಲೆಕ್ಕಾಚಾರ ಬಂದಿದೆ. ಹದಿನೆಂಟು ವರ್ಷದ ಹುಡುಗಿಗೆ ಮೊದಲ ಆಲ್ಬಮ್‌ನಲ್ಲೇ ಇದು ಎದುರಾದದ್ದು ಕಠಿಣವೇ ಸರಿ.

ಎರಡನೇ ಆಲ್ಬಮ್ ಮತ್ತು ಮನಿಲಾ

2022ರಲ್ಲಿ ಡಿಸ್ನಿ ಧಾರಾವಾಹಿಯ ಮೂರನೇ ಸೀಸನ್‌ಗೆ ಒಲಿವಿಯಾ ಮುಖ್ಯ ಪಾತ್ರವಾಗಿ ಇರಲಿಲ್ಲ, ಬಂದು ಹೋಗುವ ಪಾತ್ರವಷ್ಟೆ. ಅಭಿನಯ ಹಿಂದೆ ಸರಿಯಿತು. 2023ರ ಸೆಪ್ಟೆಂಬರ್ 8ರಂದು 'ಗಟ್ಸ್' ಆಲ್ಬಮ್ ಬಂತು, ಮತ್ತೆ ನೈಗ್ರೊ ಜೊತೆ. ಅದರ 'ವ್ಯಾಂಪೈರ್' ಹಾಡು ಕೂಡ ನೇರ ಮೊದಲ ಸ್ಥಾನಕ್ಕೆ ಹೋಯಿತು. ಗ್ರ್ಯಾಮಿಯಲ್ಲಿ ಮಾತ್ರ ಆರು ನಾಮನಿರ್ದೇಶನ ಇದ್ದರೂ ಬರಿಗೈ. ಅದೇ ವರ್ಷ 'ಹಂಗರ್ ಗೇಮ್ಸ್' ಸಿನೆಮಾಕ್ಕೆ 'ಕ್ಯಾಂಟ್ ಕ್ಯಾಚ್ ಮಿ ನೌ' ಎಂಬ ಹಾಡು ಬರೆದು ಹಾಡಿದರು.

2024ರ ಫೆಬ್ರವರಿಯಲ್ಲಿ ಶುರುವಾದ 'ಗಟ್ಸ್' ವಿಶ್ವ ಪ್ರವಾಸದಲ್ಲಿ ಪಾಪ್ ಕಛೇರಿಗಳ ಟಿಕೆಟ್ ದರದ ಬಗ್ಗೆ ಎಲ್ಲೆಡೆ ಇದ್ದ ಗೊಣಗಾಟಕ್ಕೆ ಒಂದು ಸಣ್ಣ ಉತ್ತರ ಇತ್ತು. ಪ್ರತಿ ಕಾರ್ಯಕ್ರಮಕ್ಕೂ ಕೆಲವು ಟಿಕೆಟ್‌ಗಳನ್ನು 20 ಡಾಲರ್‌ಗೆ ತೆಗೆದಿಡಲಾಗುತ್ತಿತ್ತು. ಅಕ್ಟೋಬರ್ 5ರಂದು ಮನಿಲಾ ಹತ್ತಿರದ ಫಿಲಿಪ್ಪೀನ್ ಅರೀನಾದಲ್ಲಿ, ಅಂದರೆ ಮುತ್ತಜ್ಜನ ದೇಶದಲ್ಲಿ, ಇಡೀ ಕ್ರೀಡಾಂಗಣಕ್ಕೇ ಒಂದೇ ದರ: 1,500 ಪೆಸೊ. ನಮ್ಮ ಲೆಕ್ಕದಲ್ಲಿ ಆಗ ಸುಮಾರು 2,200 ರೂಪಾಯಿ. ಬಂದ ಲಾಭವನ್ನೆಲ್ಲ ಮಹಿಳೆಯರ ಆರೋಗ್ಯಕ್ಕಾಗಿ ಕೆಲಸ ಮಾಡುವ ಜಪೈಗೋ ಸಂಸ್ಥೆಗೆ ಕೊಟ್ಟರು.

2025ರ ಜೂನ್ 29ರಂದು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ಕೊನೆಯ ರಾತ್ರಿ ಮುಖ್ಯ ವೇದಿಕೆ ಒಲಿವಿಯಾ ಅವರದ್ದಾಗಿತ್ತು. ಮಧ್ಯದಲ್ಲಿ ಅವರು ವೇದಿಕೆಗೆ ಕರೆದದ್ದು 'ದಿ ಕ್ಯೂರ್' ಬ್ಯಾಂಡಿನ 66 ವರ್ಷದ ರಾಬರ್ಟ್ ಸ್ಮಿತ್ ಅವರನ್ನು. ಇಬ್ಬರೂ ಸೇರಿ ಸ್ಮಿತ್ ಅವರ ಎರಡು ಹಳೆಯ ಹಾಡು ಹಾಡಿದರು. ಎರಡೂ ಒಲಿವಿಯಾ ಹುಟ್ಟುವುದಕ್ಕಿಂತ ಮೊದಲು ಬಂದವು.