ನಾವು ಕಾರ್ಮಿಕರು ಹೌದೋ ಅಲ್ಲವೋ: ಗಣಿಯಿಂದ ಅಂಗನವಾಡಿಗೆ ಬಂದ ಹೋರಾಟದ ದಾರಿ

ಕಾರ್ಮಿಕ ಸಂಘ ಎಂದರೆ ಈಗಲೂ ನಮ್ಮ ಕಣ್ಣಿಗೆ ಕಟ್ಟುವುದು ಕಾರ್ಖಾನೆಯ ಗೇಟು, ಪಾಳಿಯ ಸೈರನ್ನು, ಘೋಷಣೆ ಕೂಗುವ ಗಂಡಸರು. ಆದರೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಅಹೋರಾತ್ರಿ ಧರಣಿ ಕೂತವರು ಅಂಗನವಾಡಿ ಕಾರ್ಯಕರ್ತೆಯರು, ಆಶಾಗಳು, ಬಿಸಿಯೂಟದ ಅಡುಗೆಯವರು, ಪೌರಕಾರ್ಮಿಕರು. ಕರ್ನಾಟಕದ ಸಂಘಟನೆಯ ಭಾರ ಖಾಯಂ ನೌಕರಿಯ ಗಂಡಸರಿಂದ ಗುತ್ತಿಗೆ ಮತ್ತು ಗೌರವಧನದ ಮೇಲೆ ದುಡಿಯುವ ಹೆಂಗಸರ ಹೆಗಲಿಗೆ ಬಂದಿದೆ. ಅದರೊಂದಿಗೆ ಪ್ರಶ್ನೆಯೂ ಬದಲಾಗಿದೆ. ಸಂಬಳ ಎಷ್ಟು ಎಂದು ಕೇಳುವ ಮೊದಲು, ನಾವು ಕಾರ್ಮಿಕರು ಹೌದೋ ಅಲ್ಲವೋ ಹೇಳಿ ಎಂದು ಇವರು ಕೇಳಬೇಕಾಗಿದೆ.

ಗಣಿ ಮತ್ತು ಕಾರ್ಖಾನೆಯ ಕಾಲ

ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂದದ್ದು 1926ರಲ್ಲಿ. ಮೈಸೂರು ಸಂಸ್ಥಾನಕ್ಕೆ ಅದು ಅನ್ವಯಿಸಲಿಲ್ಲ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ (ಕೆಜಿಎಫ್) ಕಾರ್ಮಿಕರ ಬೆರಳಚ್ಚು ಪಡೆಯಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಅವರ ಬೆನ್ನಿಗೆ ಸಂಘವೂ ಇರಲಿಲ್ಲ, ಕಾನೂನೂ ಇರಲಿಲ್ಲ. ತಮಿಳು ಸೀಮೆಯಿಂದ ಬಂದ ದಲಿತರೇ ಹೆಚ್ಚಿದ್ದ ಆ ಸಮೂಹಕ್ಕೆ ಕಂಪನಿಯ ದಾಖಲೆಗೆ ಬೆರಳೊತ್ತುವುದೆಂದರೆ ಅದರ ಕೈಗೆ ಜುಟ್ಟು ಕೊಟ್ಟಂತೆ. ಸಂಸ್ಥಾನದಲ್ಲಿ ಸಂಘಗಳಿಗೆ ಕಾನೂನಿನ ನೆಲೆ ಸಿಕ್ಕಿದ್ದು 1942ರ ಮೈಸೂರು ಲೇಬರ್ ಕಾಯ್ದೆಯಿಂದ. ಆದರೂ 1946ರ ನವೆಂಬರ್‌ನಲ್ಲಿ ಕೆಜಿಎಫ್‌ನಲ್ಲಿ ನಡೆದ ಗೋಲಿಬಾರಿಗೆ ಆರು ಕಾರ್ಮಿಕರು ಬಲಿಯಾದರು.

ಸ್ವಾತಂತ್ರ್ಯದ ನಂತರ ಹೋರಾಟದ ಕೇಂದ್ರ ಬೆಂಗಳೂರಿಗೆ ಸರಿಯಿತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್‌ನಂತಹ ಸಾರ್ವಜನಿಕ ಉದ್ದಿಮೆಗಳಲ್ಲಿ ಖಾಯಂ ಕೆಲಸ, ಕ್ವಾರ್ಟರ್ಸ್, ಕ್ಯಾಂಟೀನು, ಮಾನ್ಯತೆ ಪಡೆದ ಯೂನಿಯನ್ನು ಎಲ್ಲವೂ ಇದ್ದವು. ಬಿಎಚ್‌ಇಎಲ್‌ಗೆ ಸಮನಾದ ವೇತನಕ್ಕಾಗಿ 1980ರ ಡಿಸೆಂಬರ್ 26ರಂದು ಈ ಉದ್ದಿಮೆಗಳ ಸುಮಾರು 1.25 ಲಕ್ಷ ಕಾರ್ಮಿಕರು ಒಟ್ಟಾಗಿ ಮುಷ್ಕರ ಹೂಡಿದರು. 77 ದಿನ ನಡೆದ ಆ ಮುಷ್ಕರ, ಕೇಳಿದ ಸಮಾನತೆ ಸಿಗದೆಯೇ ಮುಗಿಯಿತು. ಮುಂದೆ ಉದಾರೀಕರಣ ಬಂತು. 2001ರಲ್ಲಿ ಕೋಲಾರದ ಗಣಿಗೆ ಬೀಗ ಬಿತ್ತು, ಆಮೇಲೆ ಎಚ್‌ಎಂಟಿ ಗಡಿಯಾರವೂ ನಿಂತಿತು. ಉಳಿದ ಸಾರ್ವಜನಿಕ ಉದ್ದಿಮೆಗಳಲ್ಲಿ ಯೂನಿಯನ್ನುಗಳ ಶಕ್ತಿಯೆಲ್ಲ ಖಾಸಗೀಕರಣವನ್ನು ತಡೆಯುವುದರಲ್ಲೇ ವ್ಯಯವಾಗತೊಡಗಿತು.

ಹಾಜರಿ ಪಟ್ಟಿಗಾಗಿ ಹೋರಾಟ

ಹೊಸ ಕಾಲದ ಸೂಚನೆ ಸಿಕ್ಕಿದ್ದು 2016ರ ಏಪ್ರಿಲ್‌ನಲ್ಲಿ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಆದೇಶದ ವಿರುದ್ಧ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದರು. ಯಾವ ದೊಡ್ಡ ಸಂಘವೂ ಅವರಿಗೆ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ಆದೇಶ ವಾಪಸ್ಸಾಯಿತು.

ಪೌರಕಾರ್ಮಿಕರ ಹಾದಿ ಇದಕ್ಕಿಂತ ಉದ್ದ. ಬೆಂಗಳೂರಿನಲ್ಲಿ ಬೀದಿ ಗುಡಿಸುವವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಕಸ ನಿರ್ವಹಣೆ ಗುತ್ತಿಗೆಗೆ ಹೋದ ಮೇಲೆ ಸಂಬಳ, ಪಿಎಫ್, ಇಎಸ್‌ಐ ಎಲ್ಲವೂ ಗುತ್ತಿಗೆದಾರನ ಮರ್ಜಿಗೆ ಬಿದ್ದವು. 1930ರ ಗಣಿ ಕಾರ್ಮಿಕರು ಕಂಪನಿಯ ದಾಖಲೆಗೆ ಸೇರಲು ಒಲ್ಲೆ ಎಂದರೆ, ಇವರು ಪಾಲಿಕೆಯ ಪಟ್ಟಿಯಲ್ಲಿ ನಮ್ಮ ಹೆಸರು ಬರೆಯಿರಿ ಎಂದು ಬೀದಿಗಿಳಿದರು. ಮೊದಲು ನೇರ ವೇತನ ಬಂತು. 2022ರ ಜುಲೈ ಮುಷ್ಕರದ ನಂತರ 11,133 ಮಂದಿಯನ್ನು ಖಾಯಂಗೊಳಿಸಲು ಸಚಿವ ಸಂಪುಟ ಒಪ್ಪಿತು. ಪೌರಕಾರ್ಮಿಕರ ಸ್ಥಿತಿಗತಿ ಕುರಿತ ಐ.ಪಿ.ಡಿ. ಸಾಲಪ್ಪ ವರದಿಯಂತೆ 500 ಜನರಿಗೊಬ್ಬರು ಪೌರಕಾರ್ಮಿಕರಿರಲಿ ಎನ್ನುವುದು ಸಂಘಗಳ ಹಳೆಯ ಬೇಡಿಕೆ, ಸರ್ಕಾರದ ಲೆಕ್ಕ 700ಕ್ಕೆ ಒಬ್ಬರು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ದುಡಿಯುವವರ ಬೆನ್ನೂ ಹೊರಬೇಕು, ಊರಿನ ಚರಂಡಿಯೂ ಹೊರಬೇಕು.

ಅಂಗನವಾಡಿಯವರ ಇಕ್ಕಟ್ಟು ಇನ್ನೂ ಸೂಕ್ಷ್ಮ. 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಆರಂಭವಾದಾಗ ಮೈಸೂರು ಜಿಲ್ಲೆಯ ತಿ. ನರಸೀಪುರ ಮೊದಲ 33 ಬ್ಲಾಕುಗಳಲ್ಲಿ ಒಂದು. ಮಕ್ಕಳ ಊಟ, ತೂಕ, ಪಾಠ, ಬಾಣಂತಿಯರ ಆರೈಕೆ, ಜತೆಗೆ ಹತ್ತಾರು ಸರ್ವೆ. ಇಷ್ಟು ಮಾಡುವವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಇವರದು ಸರ್ಕಾರಿ ಹುದ್ದೆಯಲ್ಲ ಎಂದು ಕರ್ನಾಟಕದ್ದೇ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತ್ತು. 2022ರಲ್ಲಿ ಅದೇ ಕೋರ್ಟ್, ಗುಜರಾತಿನ ಪ್ರಕರಣದಲ್ಲಿ, ಇವರಿಗೆ ಗ್ರಾಚ್ಯುಯಿಟಿ ಸಲ್ಲಬೇಕು ಎಂದಿತು. ಆ ತೀರ್ಪನ್ನು ಜಾರಿಗೊಳಿಸಿ ಎಂದು 2023ರ ಆರಂಭದಲ್ಲಿ ಫ್ರೀಡಂ ಪಾರ್ಕಿನಲ್ಲಿ ಧರಣಿ ನಡೆಯಿತು. ಎಲ್‌ಕೆಜಿ, ಯುಕೆಜಿ ಸರ್ಕಾರಿ ಶಾಲೆಗೆ ಹೋದರೆ ಅಂಗನವಾಡಿಯೇ ಬರಿದಾಗುತ್ತದೆ ಎಂದು 2024ರಲ್ಲಿ ಮತ್ತೆ ಪ್ರತಿಭಟಿಸಿದರು. ಅಲ್ಲಿ ತಮ್ಮ ಕೆಲಸವನ್ನೂ ಹಳ್ಳಿಯ ಒಂದು ಸಾರ್ವಜನಿಕ ಸೇವೆಯನ್ನೂ ಅವರು ಒಟ್ಟಿಗೇ ಕಾಯುತ್ತಿದ್ದರು. 2025ರ ಜನವರಿಯಲ್ಲಿ ಆಶಾಗಳು ಧರಣಿ ಕೂತು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು.

ಇಕ್ಕಟ್ಟು ಎಲ್ಲಿದೆ

ಕಾರ್ಖಾನೆ ನಿಂತರೆ ಮಾಲೀಕನ ಲಾಭ ನಿಲ್ಲುತ್ತದೆ. ಬಸ್ಸು ನಿಂತರೆ ಮೊದಲು ಪರದಾಡುವವರು ಪ್ರಯಾಣಿಕರು. ಆರನೇ ವೇತನ ಆಯೋಗದ ಸಂಬಳ ಕೇಳಿ ಸಾರಿಗೆ ನೌಕರರು 2021ರ ಏಪ್ರಿಲ್‌ನಲ್ಲಿ ಎರಡು ವಾರ ಮುಷ್ಕರ ಮಾಡಿದಾಗ ಸರ್ಕಾರ ಖಾಸಗಿ ಬಸ್ಸುಗಳನ್ನು ನಿಲ್ದಾಣಕ್ಕೆ ತಂದಿತು. ವಜಾ, ವರ್ಗಾವಣೆಗಳೂ ನಡೆದವು. ಜನರನ್ನು ಜತೆಗಿಟ್ಟುಕೊಳ್ಳದ ಸೇವಾ ಮುಷ್ಕರ ಒಂಟಿಯಾಗುತ್ತದೆ ಎಂಬುದು ಆಗ ಎದ್ದು ಕಂಡಿತು.

ಈಗ ಕಾನೂನಿನ ಅಂಗಳವೂ ಬದಲಾಗಿದೆ. ಆ್ಯಪ್‌ಗಳಿಗಾಗಿ ಊಟ, ಸಾಮಾನು ತಲುಪಿಸುವ ಗಿಗ್ ಕಾರ್ಮಿಕರಿಗೆ 2025ರಲ್ಲಿ ಕರ್ನಾಟಕ ಕಲ್ಯಾಣ ಕಾನೂನು ತಂದಿತು. ಕಂಪನಿಗಳು ಅವರಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಶುಲ್ಕ ಕಟ್ಟಬೇಕು. ಅದೇ ವರ್ಷದ ನವೆಂಬರ್‌ನಲ್ಲಿ 29 ಕಾರ್ಮಿಕ ಕಾನೂನುಗಳ ಜಾಗಕ್ಕೆ ಕೇಂದ್ರದ ನಾಲ್ಕು ಸಂಹಿತೆಗಳು ಬಂದವು. ಮುಷ್ಕರಕ್ಕೆ ಮುನ್ನ ನೋಟಿಸ್ ಕೊಟ್ಟು ಕನಿಷ್ಠ 14 ದಿನ ಕಾಯಬೇಕು ಎನ್ನುವ ನಿಯಮದಡಿ, 2016ರಂತಹ ದಿಢೀರ್ ಪ್ರತಿಭಟನೆ ಕಾನೂನುಬಾಹಿರ ಎನಿಸಿಕೊಳ್ಳುತ್ತದೆ.

ಹಾಗಾಗಿ ಸಂಘಗಳ ಬಲವನ್ನು ಸದಸ್ಯತ್ವದ ಪುಸ್ತಕ ಮಾತ್ರ ನೋಡಿ ಅಳೆಯಲಾಗದು. ಅಂಗನವಾಡಿಗೆ ಮಗುವನ್ನು ಕಳಿಸುವ ತಾಯಿ, ಬಸ್ಸಿಗೆ ಕಾಯುವ ವಿದ್ಯಾರ್ಥಿ, ಕಸ ಹೊರಗಿಡುವ ಮನೆಯವರು ಆ ಬೇಡಿಕೆಯಲ್ಲಿ ತಮ್ಮ ಪಾಲನ್ನೂ ಕಾಣುವಂತಾಗಬೇಕು. ಪೌರಕಾರ್ಮಿಕರ, ಅಂಗನವಾಡಿಯವರ ಹೋರಾಟಗಳಲ್ಲಿ ಆ ನಂಟು ತಾನಾಗಿಯೇ ಇದೆ. ಅದನ್ನು ಊರಿನವರಿಗೆ ಮನದಟ್ಟು ಮಾಡಿಸುವ ಕೆಲಸಕ್ಕೆ ನಮ್ಮ ಸಂಘಗಳು ಇನ್ನೂ ಪೂರ್ತಿ ಕೈಹಾಕಿಲ್ಲ.