ಕೊರಿಂಥಿನ ಹರ್ಷೋದ್ಗಾರ

ಬಲಾಢ್ಯ ರಾಷ್ಟ್ರವನ್ನು ಹೊರಗಿನವರು ಮೆಚ್ಚುವುದೇಕೆ, ಹಗೆಯುವುದೇಕೆ? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವುದು ಗ್ರೀಸಿನ ಕೊರಿಂಥ್ ನಗರ.

ಕ್ರಿ.ಪೂ. 196ರಲ್ಲಿ ಆ ನಗರದ ಸಮೀಪದ ಕ್ರೀಡೋತ್ಸವದಲ್ಲಿ, ಮ್ಯಾಸಿಡೋನಿಯದ ಅರಸನನ್ನು ಸೋಲಿಸಿದ್ದ ರೋಮನ್ ಸೇನಾನಿ ಫ್ಲಾಮಿನಿನಸ್, ಗ್ರೀಕರು ಸ್ವತಂತ್ರರೆಂದು ಸಾರಿಸಿದನು. ಜನರ ಹರ್ಷೋದ್ಗಾರಕ್ಕೆ ಹಾರುತ್ತಿದ್ದ ಕಾಗೆಗಳು ಕೆಳಗುರುಳಿದುವೆಂದು ಪ್ಲುಟಾರ್ಕ್ ಬರೆದಿದ್ದಾನೆ. ಐವತ್ತೇ ವರ್ಷಗಳ ತರುವಾಯ, ಕ್ರಿ.ಪೂ. 146ರಲ್ಲಿ, ಅದೇ ರೋಮಿನ ಸೈನ್ಯ ಕೊರಿಂಥನ್ನು ಸುಟ್ಟಿತು; ಸಿಕ್ಕ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ದಾಸ್ಯಕ್ಕೆ ಮಾರಿತು.

ಆ ಕಾಲದ ಸಾಕ್ಷಿ ಇತಿಹಾಸಕಾರ ಪಾಲಿಬಿಯಸ್. ಕ್ರಿ.ಪೂ. 167ರಲ್ಲಿ ರೋಮಿಗೆ ಒಯ್ಯಲ್ಪಟ್ಟ ಸಾವಿರ ಗ್ರೀಕರಲ್ಲಿ ಅವನೊಬ್ಬ. ವಿಚಾರಣೆಯಿಲ್ಲದೆ ಸುಮಾರು 17 ವರ್ಷ ಅಲ್ಲಿದ್ದ ಅವನೇ ರೋಮಿನ ರಾಜ್ಯವ್ಯವಸ್ಥೆಯನ್ನೂ ಸೈನ್ಯದ ಶಿಸ್ತನ್ನೂ ಮನಸಾರೆ ಕೊಂಡಾಡಿದನು. ಕಾರ್ಥೇಜಿನ ನಾಶದ ಬಗ್ಗೆ ಗ್ರೀಕರು ಆಡಿಕೊಂಡದ್ದನ್ನೂ ದಾಖಲಿಸಿದನು: ಕೆಲವರಿಗೆ ಅದು ದೂರದೃಷ್ಟಿ, ಕೆಲವರಿಗೆ ವಂಚನೆ.

ಶ್ರೋತೃಗಳೆ, ಮೆಚ್ಚುವವರು ಬೇರೆ, ಮುನಿಯುವವರು ಬೇರೆ ಎಂದು ಬಲಾಢ್ಯರು ತಿಳಿಯುತ್ತಾರೆ. ಎರಡೂ ಒಂದೇ ಎದೆಯಲ್ಲಿ ಇರಬಲ್ಲವು. ಯಾವ ಮಾತನ್ನು ಲೋಕ ಕೂಗಿ ಕೊಂಡಾಡಿತೋ ಆ ಮಾತಿನಿಂದಲೇ ಅದು ಬಲಾಢ್ಯನನ್ನು ಅಳೆಯುತ್ತದೆ. ಒಬ್ಬರು ದಯಪಾಲಿಸಿದ ಸ್ವಾತಂತ್ರ್ಯವನ್ನು ಅವರೇ ಕಿತ್ತುಕೊಳ್ಳಬಹುದು. ಕೊರಿಂಥಿನ ಬಯಲಲ್ಲಿ ಅಂದು ಕೂಗಿದವರ ಮಕ್ಕಳಿಗೆ ಇದು ಅರ್ಥವಾದಾಗ ಊರು ಉರಿಯುತ್ತಿತ್ತು.