ವಸಂತಕಾಲದ ಅಮೆರಿಕನ್ ಫುಟ್‌ಬಾಲ್ ಲೀಗ್‌ಗಳು

ಅಮೆರಿಕದ ಮುಖ್ಯ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಪಂದ್ಯಗಳು ಸೆಪ್ಟೆಂಬರ್‌ನಲ್ಲಿ ಆರಂಭವಾಗಿ ಫೆಬ್ರವರಿಯ ಸೂಪರ್ ಬೌಲ್‌ಗೆ ಮುಗಿಯುತ್ತವೆ. ಅಲ್ಲಿಂದ ಬೇಸಿಗೆಯವರೆಗೆ ಮೈದಾನಗಳು ಖಾಲಿ. ತಂಡಗಳಲ್ಲಿ ಜಾಗ ಸಿಗದ ಸಮರ್ಥ ಆಟಗಾರರಿಗೆ ಕೆಲಸವಿಲ್ಲ. ಈ ಬಿಡುವಿನಲ್ಲಿ ಮತ್ತೊಂದು ಲೀಗ್ ನಡೆಸುವ ಸಾಹಸಕ್ಕೆ ಕೈಹಾಕಿದವರು ಹಲವರು. ಹೆಚ್ಚಿನವರನ್ನು ಕೆಡವಿದ್ದು ಹಣದ ಲೆಕ್ಕಾಚಾರ.

ಮೊದಲ ದೊಡ್ಡ ಪ್ರಯತ್ನ 1983ರ ಯುಎಸ್‌ಎಫ್‌ಎಲ್. ನ್ಯೂ ಆರ್ಲಿಯನ್ಸ್‌ನ ಉದ್ಯಮಿ ಡೇವಿಡ್ ಡಿಕ್ಸನ್ ರೂಪಿಸಿದ ಯೋಜನೆಯ ಜೀವಾಳವೇ ಮಿತವ್ಯಯ. ಆದರೆ ನ್ಯೂಜೆರ್ಸಿ ತಂಡ ಮೊದಲ ವರ್ಷವೇ ಕಾಲೇಜು ತಾರೆ ಹರ್ಷಲ್ ವಾಕರ್‌ನನ್ನು ಭಾರಿ ಸಂಬಳಕ್ಕೆ ಕರೆತಂದಿತು. ಮರುವರ್ಷ ಲಾಸ್ ಏಂಜಲೀಸ್ ತಂಡ ಸ್ಟೀವ್ ಯಂಗ್ ಜೊತೆ ಮಾಡಿಕೊಂಡ ಒಪ್ಪಂದದ ಮೊತ್ತ 4 ಕೋಟಿ ಡಾಲರ್. ಅದರ ಬಹುಪಾಲು ದಶಕಗಳ ಕಾಲ ಕಂತಿನಲ್ಲಿ ಕೊಡುವಂಥದ್ದು. ತಂಡಗಳ ಸಂಖ್ಯೆಯೂ ಒಂದೇ ವರ್ಷದಲ್ಲಿ 12ರಿಂದ 18ಕ್ಕೆ ಜಿಗಿಯಿತು. ನ್ಯೂಜೆರ್ಸಿ ತಂಡವನ್ನು ಕೊಂಡಿದ್ದ ಡೊನಾಲ್ಡ್ ಟ್ರಂಪ್ ಮುಂತಾದವರ ಒತ್ತಾಯದಂತೆ 1986ರಿಂದ ಶರತ್ಕಾಲಕ್ಕೆ ಹೋಗಿ ಎನ್‌ಎಫ್‌ಎಲ್‌ಗೆ ಎದುರಾಗಲು ಲೀಗ್ ತೀರ್ಮಾನಿಸಿತು. ಜೊತೆಗೆ ಏಕಸ್ವಾಮ್ಯದ ಮೊಕದ್ದಮೆಯನ್ನೂ ಹೂಡಿತು. ತೀರ್ಪುಗಾರರು ಎನ್‌ಎಫ್‌ಎಲ್ ತಪ್ಪಿತಸ್ಥ ಎಂದರು, ಪರಿಹಾರವೆಂದು 1 ಡಾಲರ್ ಕೊಟ್ಟರು. ಕಾನೂನಿನಂತೆ ಅದು ಮೂರುಪಟ್ಟಾಗಿ 3 ಡಾಲರ್ ಆಯಿತು. ಶರತ್ಕಾಲದ ಆ ಋತು ನಡೆಯಲೇ ಇಲ್ಲ.

2019ರ ಅಲಯನ್ಸ್ ಆಫ್ ಅಮೆರಿಕನ್ ಫುಟ್‌ಬಾಲ್ ಹಿಡಿದ ದಾರಿ ಬೇರೆ. ಎಂಟೂ ತಂಡಗಳು ಲೀಗ್‌ನ ಸ್ವತ್ತು, ಆಟಗಾರರೆಲ್ಲ ಅದರದೇ ನೌಕರರು. ಹೀಗಾಗಿ ತಂಡಗಳ ನಡುವೆ ಸಂಬಳದ ಪೈಪೋಟಿಗೆ ಆಸ್ಪದವಿರಲಿಲ್ಲ. ಅಪಾಯ ಇದ್ದುದೂ ಅಲ್ಲೇ: ಒಂದೇ ಖಜಾನೆ ಬರಿದಾದರೆ ಎಂಟೂ ತಂಡಗಳು ಒಟ್ಟಿಗೆ ನಿಲ್ಲುತ್ತವೆ. ಫೆಬ್ರವರಿ 9ರಂದು ಆಟ ಶುರುವಾದ ಕೆಲವೇ ದಿನಗಳಲ್ಲಿ ಹಣದ ಕೊರತೆ ಎದುರಾಯಿತು. 25 ಕೋಟಿ ಡಾಲರ್ ಹೂಡುವುದಾಗಿ ಬಂದ ಟಾಮ್ ಡಂಡನ್, ಎನ್‌ಎಫ್‌ಎಲ್ ಆಟಗಾರರ ಸಂಘದೊಂದಿಗಿನ ಮಾತುಕತೆ ಫಲಿಸದಿದ್ದಾಗ ಹಿಂದೆ ಸರಿದರು. ಇನ್ನೆರಡು ವಾರದ ಲೀಗ್ ಪಂದ್ಯಗಳು ಬಾಕಿ ಇರುವಾಗಲೇ, ಏಪ್ರಿಲ್ 2ರಂದು ಎಲ್ಲವೂ ನಿಂತಿತು. ಒಂದು ಋತುವಿನ ಪೂರ್ತಿ ಖರ್ಚು ಕೈಯಲ್ಲಿಲ್ಲದೆ ನೂರಾರು ಆಟಗಾರರನ್ನು ಕರೆಸಿದ್ದು ಅಕ್ಷಮ್ಯ.

ವಿನ್ಸ್ ಮೆಕ್‌ಮಹೋನ್‌ರ ಎಕ್ಸ್‌ಎಫ್‌ಎಲ್ 2001ರಲ್ಲಿ ಒಂದೇ ಋತು ಬಾಳಿತು; 2020ರಲ್ಲಿ ಮರಳಿ ಬಂದಾಗ ಐದು ವಾರಕ್ಕೆ ಕೋವಿಡ್ ತಡೆಯಿತು. ದಿವಾಳಿಯಾದ ಅದನ್ನು ನಟ ಡ್ವೇನ್ ಜಾನ್ಸನ್, ಡ್ಯಾನಿ ಗಾರ್ಸಿಯಾ ಮತ್ತು ರೆಡ್‌ಬರ್ಡ್ ಸಂಸ್ಥೆ 1.5 ಕೋಟಿ ಡಾಲರ್‌ಗೆ ಕೊಂಡರು.

2022ರಲ್ಲಿ ಫಾಕ್ಸ್ ವಾಹಿನಿ ಯುಎಸ್‌ಎಫ್‌ಎಲ್ ಹೆಸರಿಗೆ ಮರುಜೀವ ಕೊಟ್ಟು, ಲೀಗ್ ಹಂತದ ಪಂದ್ಯಗಳನ್ನೆಲ್ಲ ಬರ್ಮಿಂಗ್‌ಹ್ಯಾಮ್ ನಗರವೊಂದರಲ್ಲೇ ಆಡಿಸಿತು. ಪ್ರಯಾಣದ ಖರ್ಚು ಉಳಿಯಿತು, ಆದರೆ ಹೊರಗಿನ ತಂಡಗಳ ಪಂದ್ಯಗಳಿಗೆ ಪ್ರೇಕ್ಷಕರು ಬರಲಿಲ್ಲ. ತವರೂರಿಲ್ಲದ ತಂಡಕ್ಕೆ ಅಭಿಮಾನಿಗಳು ಹುಟ್ಟುವುದು ಕಷ್ಟ. 2016ರಲ್ಲಿ ತನ್ನ ಎನ್‌ಎಫ್‌ಎಲ್ ತಂಡವನ್ನು ಕಳೆದುಕೊಂಡ ಸೇಂಟ್ ಲೂಯಿಸ್ ಇದಕ್ಕೆ ಎದುರು ಸಾಕ್ಷಿ: ಅಲ್ಲಿನ ಎಕ್ಸ್‌ಎಫ್‌ಎಲ್ ತಂಡ ಬ್ಯಾಟಲ್‌ಹಾಕ್ಸ್‌ನ ಪಂದ್ಯಗಳಿಗೆ 30,000ಕ್ಕೂ ಹೆಚ್ಚು ಜನ ಸೇರಿದ್ದುಂಟು.

ಎಕ್ಸ್‌ಎಫ್‌ಎಲ್ ಮತ್ತು ಹೊಸ ಯುಎಸ್‌ಎಫ್‌ಎಲ್ ಒಂದಾಗಿ ಎಂಟು ತಂಡಗಳ ಯುಎಫ್‌ಎಲ್ 2024ರ ಮಾರ್ಚ್ 30ರಂದು ಆರಂಭವಾಯಿತು. ಅದೇ ದಿನ ಮಿಷಿಗನ್ ತಂಡದ ಜೇಕ್ ಬೇಟ್ಸ್ 64 ಗಜ ದೂರದಿಂದ ಚೆಂಡನ್ನೊದ್ದು ಪಂದ್ಯ ಗೆಲ್ಲಿಸಿದರು. ಅದಕ್ಕೆ ಮುಂಚೆ ಇಟ್ಟಿಗೆ ಮಾರುವ ಕೆಲಸದಲ್ಲಿದ್ದ ಅವರನ್ನು ಅದೇ ವರ್ಷ ಎನ್‌ಎಫ್‌ಎಲ್‌ನ ಡೆಟ್ರಾಯಿಟ್ ಲಯನ್ಸ್ ಸೇರಿಸಿಕೊಂಡಿತು. ಎಕ್ಸ್‌ಎಫ್‌ಎಲ್‌ನಲ್ಲಿ ಪ್ರಯೋಗಿಸಿದ ಕಿಕ್‌ಆಫ್ ಮಾದರಿಯ ನಿಯಮವನ್ನೂ ಎನ್‌ಎಫ್‌ಎಲ್ ಆ ವರ್ಷದಿಂದಲೇ ಅಳವಡಿಸಿಕೊಂಡಿತು.